ಅರಿವಳಿಕೆ ಮತ್ತು ಮೈಯೊಳಗಿನ ಗಡಿಯಾರ

ಬಾಗಲಕೋಟೆಯಲ್ಲಿ ಅರಿವಳಿಕೆ ಡಾಕ್ಟರಾಗಿ ನಾನು ಜಾಸ್ತಿ ನೋಡುವುದು ತೊಡೆಮೂಳೆ ಮುರಿದ ಹಿರಿಯರನ್ನು. ಹೊಲದ ಬದುವಿನಲ್ಲಿ ಜಾರಿಯೋ ಬಚ್ಚಲಲ್ಲಿ ಬಿದ್ದೋ ಬಂದಿರುತ್ತಾರೆ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ತೊಂದರೆ ಶುರುವಾಗುವುದು ಆ ರಾತ್ರಿ. "ನಮ್ಮಪ್ಪ ಎತ್ತಿಗೆ ಮೇವು ಹಾಕಬೇಕಂತ ಏಳಾಕ ಹತ್ಯಾನ್ರಿ" ಎಂದು ಮಗಳು ಗಾಬರಿಯಿಂದ ಬರುತ್ತಾಳೆ. ಈ ಗೊಂದಲವೇ ಡಿಲಿರಿಯಂ.

ಪೂರ್ತಿ ಪ್ರಜ್ಞೆ ತಪ್ಪಿಸದೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಇದು ಕಡಿಮೆಯಾದೀತು ಎಂದು ನಮ್ಮಲ್ಲಿ ಅನೇಕರು ನಂಬಿದ್ದೆವು. ಅಮೆರಿಕ, ಕೆನಡಾದ 1,600 ರೋಗಿಗಳ ಮೇಲೆ ನಡೆದ ರೀಗೇನ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡೂ ವಿಧಾನದಲ್ಲಿ ಐವರಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ ಡಿಲಿರಿಯಂ ಬಂದಿತ್ತು. ಹಾಗಾದರೆ ಬೇರೆ ಕಡೆ ಹುಡುಕಬೇಕಲ್ವಾ?

ನನ್ನ ಗಮನ ಜೀನ್‌ಗಳತ್ತ ಹೋಯಿತು. ನಮ್ಮ ಜೀವಕೋಶಗಳಲ್ಲಿ ಹಗಲು-ರಾತ್ರಿಯ ಲೆಕ್ಕ ಇಡುವ ಜೀನ್‌ಗಳಿವೆ. ಪರ್2 ಅವುಗಳಲ್ಲೊಂದು. ಉಸಿರಿನ ಮೂಲಕ ಕೊಡುವ ಅರಿವಳಿಕೆ ಗ್ಯಾಸ್ ಸೆವೋಫ್ಲುರೇನ್ ಕೊಟ್ಟ ಇಲಿಗಳ ಮಿದುಳಿನಲ್ಲಿ ಈ ಜೀನ್‌ನ ಚಟುವಟಿಕೆ ತಗ್ಗಿತು. ಜೇನುಹುಳುಗಳದ್ದು ಇನ್ನೂ ಸೊಗಸು. 2012ರಲ್ಲಿ ನ್ಯೂಜಿಲೆಂಡ್‌ನ ವಿಜ್ಞಾನಿಗಳು ಅವಕ್ಕೆ ಹಗಲಲ್ಲಿ 6 ಗಂಟೆ ಐಸೋಫ್ಲುರೇನ್ ಎಂಬ ಅದೇ ಬಗೆಯ ಗ್ಯಾಸ್ ಕೊಟ್ಟರು. ಅವುಗಳ ಒಳಗಡಿಯಾರ 3 ಗಂಟೆಗೂ ಜಾಸ್ತಿ ಹಿಂದೆ ಬಿತ್ತು. ಸೂರ್ಯನನ್ನು ನೋಡಿ ದಾರಿ ಹಿಡಿಯುವ ಹುಳುಗಳು ತಪ್ಪು ದಿಕ್ಕಿಗೆ ಹಾರಿದವು. ರಾತ್ರಿ ಕೊಟ್ಟಾಗ ಈ ಏರುಪೇರು ಕಾಣಲಿಲ್ಲ.

ಮನುಷ್ಯರ ಡಿಲಿರಿಯಂಗೆ ನೋವು, ಸೋಂಕು, ಸೋಡಿಯಂ ಇಳಿಯುವುದು ಎಲ್ಲವೂ ಕಾರಣ. ಅವನ್ನು ಮೊದಲು ನೋಡುತ್ತೇನೆ. ಆದರೆ ಹಗಲು-ರಾತ್ರಿಯನ್ನು ರೋಗಿಗೆ ಮರಳಿ ಕೊಡುವುದೂ ಚಿಕಿತ್ಸೆಯೇ ಎಂದು ಈಗ ಹಟ ಹಿಡಿಯುತ್ತೇನೆ.

ಮಂಪರು ತರಿಸುವ ಮಿಡಜೋಲಾಂ ಔಷಧಿ ಬಿಟ್ಟೆ. ವಯಸ್ಸು ನೋಡಿ ಗ್ಯಾಸ್ ಇಳಿಸುತ್ತೇನೆ. ನಲವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು 6% ಕಡಿಮೆ ಸಾಕು. ನೋವಿಗೆ ತೊಡೆಸಂದಿಯಲ್ಲಿ ನರದ ಬ್ಲಾಕ್, ಅಂದರೆ ಆ ಭಾಗವನ್ನು ಮರಗಟ್ಟಿಸುವ ಇಂಜೆಕ್ಷನ್, ಕೊಡುತ್ತೇನೆ.

ಕಷ್ಟವಾದದ್ದು ವಾರ್ಡ್‌ನಲ್ಲಿ. ರಾತ್ರಿಯಿಡೀ ಟ್ಯೂಬ್‌ಲೈಟ್, ಪದೇ ಪದೇ ಬಿಪಿ, ಇಂಜೆಕ್ಷನ್. ಸಿಸ್ಟರ್‌ಗಳ ಜೊತೆ ಕೂತು, ಆಗುವಷ್ಟನ್ನು ಒಂದೇ ಸಲಕ್ಕೆ ಮುಗಿಸುವ ಹಾಗೆ ಹೊಂದಿಸಿಕೊಂಡೆವು. ಹಿರಿಯರಿಗೆ ಕಿಟಕಿ ಪಕ್ಕದ ಹಾಸಿಗೆ. ಕಣ್ಣು ಬಿಟ್ಟ ಕೂಡಲೇ ಚಷ್ಮಾ. ಬೆಳಿಗ್ಗೆ ಕೂರಿಸಿ ಚಹಾ. ಮನೆಯವರಿಗೆ ಒಂದೇ ಮಾತು: ಕೈ ಕಟ್ಟಬೇಡಿ, ಪಕ್ಕದಲ್ಲಿ ಕೂತು ಊರು, ದಿನ, ಹೊತ್ತು ಹೇಳುತ್ತಿರಿ.

ಗಲಾಟೆಯ ರಾತ್ರಿಗಳು ಕಡಿಮೆಯಾದಂತೆ ಕಾಣುತ್ತಿದೆ. ಐಸಿಯು ಮಾತ್ರ ಇನ್ನೂ ಬಗೆಹರಿದಿಲ್ಲ. ಅಲ್ಲಿ ಕಿಟಕಿಯೇ ಇಲ್ಲ. ಸದ್ಯಕ್ಕೆ ಗೋಡೆಗೆ ದೊಡ್ಡ ಗಡಿಯಾರ ಹಾಕಿಸಿದ್ದೇವೆ, ರಾತ್ರಿ ಹತ್ತಕ್ಕೆ ದೀಪ ಮಂಕು ಮಾಡುತ್ತೇವೆ.