ನಿಮಗೆ ಮೂರು, ನನಗೆ ನಾಲ್ಕು: ಜೊತೆಯಾಗಿ ಬರೆದ ಮೊದಲ ಪ್ರಬಂಧ

ಪಿಎಚ್‌ಡಿ ಮುಗಿಸಿ ಮುಂಬಯಿಯ ಕಾಲೇಜೊಂದರಲ್ಲಿ ವಾರಕ್ಕೆ ಹದಿನಾರು ತಾಸು ಪಾಠ ಹೇಳುತ್ತಿದ್ದ ನನಗೆ ಸಂಶೋಧನೆಗೆಂದು ಉಳಿಯುತ್ತಿದ್ದುದು ಶನಿವಾರ ಮಾತ್ರ. ನಾನು ಶಿರಸಿ ಕಡೆಯವನು, ನನ್ನದು ಬೀಜಗಣಿತ. ಪುಣೆಯಲ್ಲಿ ಪೋಸ್ಟ್‌ಡಾಕ್ ಆಗಿದ್ದ ನನ್ನ ಸಹಲೇಖಕಿ ಧಾರವಾಡದವರು, ಅವರದು ಟೋಪಾಲಜಿ, ಅಂದರೆ ಹರಿಯದೆ ಎಳೆದು ಬಗ್ಗಿಸಿದರೂ ಆಕೃತಿಗಳಲ್ಲಿ ಉಳಿಯುವ ಗುಣಗಳ ಗಣಿತ. ಚಳಿಗಾಲದ ಶಿಬಿರವೊಂದರಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಕನ್ನಡ ಕಿವಿಗೆ ಬಿದ್ದು ಪರಿಚಯವಾಯಿತು. ಇಬ್ಬರೂ ಕ್ವಾಂಡಲ್ ಎಂಬ ಒಂದೇ ರಚನೆಯನ್ನು ಎರಡು ಕಡೆಯಿಂದ ನೋಡುತ್ತಿದ್ದೇವೆ ಎಂಬುದು ಊಟ ಮುಗಿಯುವ ಹೊತ್ತಿಗೆ ತಿಳಿಯಿತು.

ಕ್ವಾಂಡಲ್ ಎಂದರೆ ಒಂದು ಗಣ, ಅದರ ಮೇಲೊಂದು ಕ್ರಿಯೆ, ಆ ಕ್ರಿಯೆ ಪಾಲಿಸಬೇಕಾದ ಮೂರು ನಿಯಮಗಳು. 1982ರಲ್ಲಿ ಡೇವಿಡ್ ಜಾಯ್ಸ್ ಮತ್ತು ಸೆರ್ಗೆಯ್ ಮತ್ವೇಯೆವ್ ಇದನ್ನು ಬೇರೆ ಬೇರೆಯಾಗಿ ಪ್ರಕಟಿಸಿದರು. ಟೋಪಾಲಜಿಯವರಿಗೆ ಇದು ಬೇಕಾಗುವುದು ಗಂಟುಗಳಿಗೆ, ಅಂದರೆ ಎರಡೂ ತುದಿ ಸೇರಿಸಿದ ದಾರದ ಸಿಕ್ಕುಗಳಿಗೆ, ಬಣ್ಣ ತುಂಬಲು; ಗಣದ ಸದಸ್ಯರೇ ಬಣ್ಣಗಳು. ಗಂಟಿನ ಚಿತ್ರದಲ್ಲಿ ಒಂದು ಎಳೆ ಇನ್ನೊಂದರ ಕೆಳಗೆ ನುಸುಳುವಲ್ಲಿ, ಕೆಳಗಿನದರ ಬಣ್ಣ ಕ, ಮೇಲಿನದರ ಬಣ್ಣ ಖ ಆಗಿದ್ದರೆ, ಕೆಳಗಿನ ಎಳೆ ಆಚೆ ಬದಿಗೆ ಕ∗ಖ ಎಂಬ ಬಣ್ಣ ಹೊತ್ತು ಹೊರಬರಬೇಕು. ಹೀಗೆ ಇಡೀ ಗಂಟಿಗೆ ಬಣ್ಣ ತುಂಬುವ ವಿಧಾನಗಳ ಸಂಖ್ಯೆ, ಗಂಟನ್ನು ಕತ್ತರಿಸದೆ ಎಷ್ಟೇ ಎಳೆದಾಡಿದರೂ ಬದಲಾಗುವುದಿಲ್ಲ. 0, 1, 2 ಎಂಬ ಮೂರು ಬಣ್ಣ ತೆಗೆದುಕೊಂಡು ಕ∗ಖ ಎಂದರೆ 2ಖ − ಕ ಎಂದು, ಮೂರರಿಂದ ಭಾಗಿಸಿ ಉಳಿಯುವ ಶೇಷದಲ್ಲಿ, ಲೆಕ್ಕ ಹಾಕಿದರೆ ಮೂರು ಎಸಳಿನ ಟ್ರೆಫಾಯಿಲ್ ಗಂಟಿಗೆ 9 ವಿಧಾನಗಳು ಸಿಗುತ್ತವೆ; ಎಂಟರ ಆಕಾರದ ಗಂಟಿಗೆ 3 ಮಾತ್ರ, ಅವೂ ಇಡೀ ಗಂಟಿಗೆ ಒಂದೇ ಬಣ್ಣ ಬಳಿದವು.

ನಾವು ಎತ್ತಿಕೊಂಡ ಪ್ರಶ್ನೆ ಸಣ್ಣದು. ಗಂಟಿನ ಎರಡು ಎಳೆಗಳನ್ನು ಒಂದರ ಸುತ್ತ ಒಂದು ಹೊಸೆಯುತ್ತ ಹೋದರೆ ಬಣ್ಣಗಳ ಲೆಕ್ಕ ಹೇಗೆ ಬದಲಾಗುತ್ತದೆ? ಪ್ರತಿ ಹೊಸೆತವೂ (ಕ, ಖ) ಎಂಬ ಜೋಡಿಯನ್ನು (ಖ, ಕ∗ಖ) ಎಂಬ ಜೋಡಿಗೆ ಒಯ್ಯುತ್ತದೆ. ಬಣ್ಣಗಳು ಪರಿಮಿತವಾದ್ದರಿಂದ ಕೆಲವು ಹೊಸೆತಗಳ ನಂತರ ಮೊದಲಿನ ಜೋಡಿಯೇ ಮರಳಿ ಬರಬೇಕು. ಆ ಆವರ್ತವನ್ನು ಕ್ವಾಂಡಲ್‌ನಿಂದಲೇ ಓದಿ ಹೇಳುವ ಲೆಮ್ಮಾವನ್ನು (ಸಣ್ಣ ಸಹಾಯಕ ಪ್ರಮೇಯವನ್ನು) ನಾನು ಎರಡು ವಾರದಲ್ಲಿ ಬರೆದೆ. ಮೂರು, ಐದು, ಏಳು ಬಣ್ಣಗಳಲ್ಲಿ 2ಖ − ಕ ಇಟ್ಟು ಪರೀಕ್ಷಿಸಿದೆವು. ಎಲ್ಲ ಕಡೆಯೂ ತಾಳೆಯಾಯಿತು. ಇಬ್ಬರೂ ಆನ್‌ಲೈನಿನಲ್ಲಿ ಜೊತೆಯಾಗಿ ಬರೆಯುವ ಓವರ್‌ಲೀಫಿನಲ್ಲಿ ಹನ್ನೊಂದು ಪುಟ ತುಂಬಿದ್ದವು.

ಒಂದು ಶುಕ್ರವಾರ ರಾತ್ರಿ ಅವರ ಫೋನ್ ಬಂತು. ಟೆಟ್ರಹೆಡ್ರನ್ನಿನ, ಅಂದರೆ ನಾಲ್ಕು ತ್ರಿಕೋನ ಮುಖಗಳ ಘನಾಕೃತಿಯ, ನಾಲ್ಕು ಮೂಲೆಗಳನ್ನೇ ಬಣ್ಣಗಳಾಗಿಸಿ, ಖ ಎಂಬ ಮೂಲೆಯ ಸುತ್ತ ಉಳಿದ ಮೂರನ್ನು ಒಂದೊಂದು ಸ್ಥಾನ ಸರಿಸುವುದನ್ನೇ ಕ್ರಿಯೆಯಾಗಿಸಿದ ಕ್ವಾಂಡಲ್ ಒಂದಿದೆ. ಅವರು ಅದನ್ನು ಹಿಡಿದು ಆವರ್ತ ಎಣಿಸುತ್ತ ಕುಳಿತಿದ್ದರು. “ನಿಮಗ ಮೂರು ಬಂದೈತಿ, ನನಗ ನಾಕು ಬರಾಕತ್ತೈತಿ. ನೀವು ಲೆಕ್ಕ ಬಿಡ್ರಿ, ಒಮ್ಮೆ ಚಿತ್ರ ಬರದು ನೋಡ್ರಿ,” ಎಂದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಲೆಮ್ಮಾದ ಸಾಧನೆಯಲ್ಲಿ (ರುಜುವಾತಿನಲ್ಲಿ) ತಪ್ಪಿದ್ದರೆ ಸಾಲಿನ ಸಂಖ್ಯೆ ಹೇಳಬೇಕಲ್ಲದೆ ಚಿತ್ರ ಬರೆಯಿರಿ ಎಂದರೆ ಏನರ್ಥ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಪುಣೆಗೆಂದು ದಾದರ್‌ನಲ್ಲಿ ಇಂದ್ರಾಯಣಿ ಎಕ್ಸ್‌ಪ್ರೆಸ್ ಹತ್ತಿ, ಪಕ್ಕದವರ ಮೊಣಕೈ ತಾಗುತ್ತಿದ್ದರೂ ಚಿತ್ರ ಬರೆದೆ. ಘಾಟ್ ಹತ್ತಲೆಂದು ಕರ್ಜತ್‌ನಲ್ಲಿ ಗಾಡಿಯ ಹಿಂದೆ ಬ್ಯಾಂಕರ್ ಎಂಜಿನ್ ಸೇರಿಸುವಾಗಲೇ ವಿಷಯ ಹೊಳೆಯಿತು. ಗಂಟಿನ ಎಳೆಗಳಿಗೆ ದಿಕ್ಕಿದೆ. ಎರಡೂ ಎಳೆಗಳ ಬಾಣ ಒಂದೇ ಕಡೆಗಿದ್ದರೆ ಪ್ರತಿ ಹೊಸೆತದಲ್ಲೂ ಒಂದೇ ಕ್ರಿಯೆ ನಡೆಯುತ್ತದೆ. ಬಾಣಗಳು ಎದುರುಬದುರಾಗಿದ್ದರೆ ಒಮ್ಮೆ ಕ್ರಿಯೆ, ಮರುಸಲ ಅದರ ವಿಲೋಮ, ಅಂದರೆ ಅದನ್ನು ಅಳಿಸುವ ಹಿಮ್ಮುಖ ಕ್ರಿಯೆ. ಬೀಜಗಣಿತದ ಸಾಲುಗಳಲ್ಲಿ ಬಾಣ ಕಾಣುವುದೇ ಇಲ್ಲ, ಆದ್ದರಿಂದ ನಾನು ಎಲ್ಲೆಡೆ ಒಂದೇ ಕ್ರಿಯೆ ಬರೆದಿದ್ದೆ. ಟೆಟ್ರಹೆಡ್ರನ್ನಿನಲ್ಲಿ ಎಡಕ್ಕೆ ಸರಿಸುವುದು ಬೇರೆ, ಬಲಕ್ಕೆ ಸರಿಸುವುದು ಬೇರೆ. ಬಾಣಗಳು ಒಂದೇ ಕಡೆಗಿದ್ದರೆ ಆವರ್ತ ಮೂರು, ಎದುರುಬದುರಾದರೆ ನಾಲ್ಕು. ನಮ್ಮ ಮೊದಲಿನ ಉದಾಹರಣೆಗಳು ಇದನ್ನು ಬಯಲಿಗೆ ತರುವಂತೆಯೇ ಇರಲಿಲ್ಲ, ಏಕೆಂದರೆ 2ಖ − ಕ ಎಂಬುದು ಕನ್ನಡಿಯಲ್ಲಿ ಪ್ರತಿಫಲಿಸಿದ ಹಾಗೆ, ಎರಡು ಸಲ ಮಾಡಿದರೆ ಇದ್ದಲ್ಲಿಗೇ ಬರುತ್ತದೆ, ಅದರ ವಿಲೋಮ ಅದೇ. ತಪ್ಪನ್ನು ತೋರಿಸಲಾರದ ಉದಾಹರಣೆಗಳನ್ನೇ ಆರಿಸಿಕೊಂಡು, ತಪ್ಪಿಲ್ಲವೆಂದು ತಿಂಗಳುಗಟ್ಟಲೆ ಸಮಾಧಾನಪಟ್ಟಿದ್ದೆವು. ಎಂಟರ ಆಕಾರದ ಗಂಟಿಗೆ ಈ ನಾಲ್ಕು ಬಣ್ಣಗಳಲ್ಲಿ 16 ವಿಧಾನಗಳಿವೆ ಎಂಬುದೂ ಅಂದೇ ಕೈಲೆಕ್ಕದಲ್ಲಿ ಸಿಕ್ಕಿತು. ಮೂರು ಬಣ್ಣಕ್ಕೆ ಬಗ್ಗದ ಗಂಟು ನಾಲ್ಕಕ್ಕೆ ಬಗ್ಗಿತ್ತು.

ಆ ಶನಿವಾರ ಹೊಸ ಗಣಿತ ಏನೂ ಆಗಲಿಲ್ಲ. ಬಾಣ ಯಾವ ಕಡೆ, ಕ್ರಿಯೆಯನ್ನು ಎಡದಿಂದ ಓದಬೇಕೋ ಬಲದಿಂದಲೋ, ಎಳೆಗಳು ಪರಸ್ಪರ ಹಾಯುವ ದಾಟುಗಳಲ್ಲಿ ಧನ ಯಾವುದು, ಋಣ ಯಾವುದು ಎಂಬುದನ್ನೆಲ್ಲ ಒಂದು ಪುಟದಲ್ಲಿ ಬರೆದು ಇಬ್ಬರೂ ನಮ್ಮ ನಮ್ಮ ಮೇಜಿನ ಮುಂದೆ ಅಂಟಿಸಿಕೊಂಡೆವು. ಮುಂದೆ ಇನ್ನೊಂದು ಕಟ್ಟುಪಾಡನ್ನೂ ಮಾಡಿಕೊಂಡೆವು: ಲೆಮ್ಮಾವನ್ನು ಕಂಡುಕೊಂಡವರು ಅದರ ಸಾಧನೆಯನ್ನು ಬರೆಯಕೂಡದು, ಇನ್ನೊಬ್ಬರು ಬರೆಯಬೇಕು. ಇದರಿಂದ ಕೆಲಸ ನಿಧಾನವಾಯಿತು, ಒಂದೆರಡು ಸಲ ಮಾತೂ ಬಿರುಸಾಯಿತು. ಆದರೆ “ಸ್ಪಷ್ಟವಾಗಿದೆ” ಎಂದು ನಾನು ದಾಟಿಸಿಬಿಡುತ್ತಿದ್ದ ಸಾಲುಗಳು ಅವರ ಕೈಗೆ ಸಿಕ್ಕು ಅರ್ಧ ಪುಟದಷ್ಟು ಬೆಳೆದವು, ಅವುಗಳಲ್ಲಿ ಎರಡು ಸುಳ್ಳೆಂದೂ ತಿಳಿಯಿತು.

ಮುಂಬಯಿಯಲ್ಲಿ ಇಂಥ ಜೋಡಿ ಕೆಲಸದ ಮಾತು ಬಂದಾಗ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗಣಿತಜ್ಞರಾಗಿದ್ದ ಎಂ.ಎಸ್. ನರಸಿಂಹನ್ ಮತ್ತು ಸಿ.ಎಸ್. ಶೇಷಾದ್ರಿಯವರ 1965ರ ಪ್ರಮೇಯವನ್ನು ಹಿರಿಯರು ನೆನೆಯುತ್ತಾರೆ. ಅದು ಎರಡು ಬದಿಗಳನ್ನು ಬೆಸೆಯುತ್ತದೆ. ಒಂದು ಬದಿಯಲ್ಲಿ ಮೇಲ್ಮೈಯೊಂದರ ಮೇಲಿನ ಕುಣಿಕೆಗಳ ಲೆಕ್ಕವಿಡುವ ಮೂಲಭೂತ ಗ್ರೂಪ್ ಇದೆ, ಅದು ಟೋಪಾಲಜಿಯ ಸೊತ್ತು. ಇನ್ನೊಂದು ಬದಿಯಲ್ಲಿ ಬೀಜೀಯ ಜ್ಯಾಮಿತಿಯ ಸ್ಥಿರ ಬಂಡಲ್‌ಗಳೆಂಬ ರಚನೆಗಳಿವೆ. ನಮ್ಮ ಲೆಮ್ಮಾವನ್ನು ಅದರ ಪಕ್ಕದಲ್ಲಿಡುವ ಧೈರ್ಯ ನನಗಿಲ್ಲ, ಹೆಸರೆತ್ತಿದ್ದಕ್ಕೇ ಸಂಕೋಚವಾಗುತ್ತಿದೆ. ಆದರೆ ಎರಡು ಭಾಷೆಗಳ ನಡುವಿನ ನಿಘಂಟನ್ನು ಕಟ್ಟಲು ಎಷ್ಟು ತಾಳ್ಮೆ ಬೇಕಾಗಿದ್ದಿರಬಹುದು ಎಂಬುದರ ಅಂದಾಜು ಮಾತ್ರ ಈಗ ಸ್ವಲ್ಪ ಸಿಕ್ಕಿದೆ.

ಹೆಸರುಗಳ ಕ್ರಮದ ಬಗ್ಗೆ ತಕರಾರು ಬರಲಿಲ್ಲ. ಗಣಿತದಲ್ಲಿ ಅಕ್ಷರಾನುಕ್ರಮವೇ ರೂಢಿ, ಮೊದಲ ಲೇಖಕ ಎಂಬ ಹೆಚ್ಚುಗಾರಿಕೆ ಇಲ್ಲಿಲ್ಲ. ಆದರೆ ನನ್ನ ಕಾಲೇಜಿನ ಬಡ್ತಿ ಅರ್ಜಿಯಲ್ಲಿ ಮೊದಲ ಲೇಖಕ ಯಾರೆಂದು ಕೇಳುವ ಅಂಕಣವಿದೆ. ನನ್ನ ಮನೆತನದ ಹೆಸರು ‘ಹ’ದಿಂದ, ಅವರದು ‘ಪ’ದಿಂದ ಶುರುವಾಗುತ್ತದೆ, ಇಂಗ್ಲಿಷಿನಲ್ಲಿ ನಾನು ಮುಂದೆ, ಕನ್ನಡದಲ್ಲಿ ಅವರು. ಪ್ರಬಂಧ ಇಂಗ್ಲಿಷಿನಲ್ಲಿದ್ದುದರಿಂದ ಲಾಭ ನನಗಾಯಿತು, ಅದಕ್ಕಾಗಿ ಅವರು ಇಂದಿಗೂ ನನ್ನನ್ನು ಚುಡಾಯಿಸುತ್ತಾರೆ.

ಪತ್ರಿಕೆಗೆ ಕಳಿಸಿ ಎಂಟು ತಿಂಗಳಾದ ಮೇಲೆ ರೆಫ್ರಿಯ, ಅಂದರೆ ಪ್ರಬಂಧವನ್ನು ಪರಿಶೀಲಿಸುವ ತಜ್ಞರ, ವರದಿ ಬಂತು. ಲೆಮ್ಮಾ ಸರಿಯಿದೆ, ಬಣ್ಣಗಳ ಲೆಕ್ಕವೂ ಸರಿಯಿದೆ, ಆದರೆ ಮೂರನೆಯ ಚಿತ್ರದಲ್ಲಿ ಒಂದು ಬಾಣ ತಿರುಗುಮುರುಗಾಗಿದೆ ಎಂದಿತ್ತು. ನಮ್ಮ ಕಟ್ಟುಪಾಡಿನಂತೆ ಆ ಚಿತ್ರ ಬರೆಯುವ ಪಾಳಿ ನನ್ನದಾಗಿತ್ತು.