ಮೊದಲು ಸ್ಟ್ರಿಪ್, ಆಮೇಲೆ ಬೈಗುಳ

ನನ್ನ ಮಗನಿಗೆ ಟೈಪ್ 1 ಶುಗರ್ (ದೇಹದಲ್ಲಿ ಇನ್ಸುಲಿನ್ನೇ ತಯಾರಾಗಲ್ಲ, ದಿನವೂ ಸೂಜಿ ಬೇಕು), ಜೊತೆಗೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ಎಡಿಎಚ್‌ಡಿ. ಇಂಥ ಹುಡುಗನನ್ನು ಹಾಸನದಲ್ಲಿ ಇಟ್ಟುಕೊಂಡು ಹತೋಟಿಗೆ ತರೋಕಾಗಲ್ಲ, ಬೆಂಗಳೂರಿಗೆ ಹೋಗಿಬಿಡಿ ಅಂತ ಹೇಳಿದವರೇ ಜಾಸ್ತಿ. ನಾವು ಇಲ್ಲೇ ಇದ್ದೇವೆ. ಹನ್ನೊಂದರ ಮೇಲಿದ್ದ ಮೂರು ತಿಂಗಳ ಸಕ್ಕರೆ ಸರಾಸರಿ (HbA1c) ಈಗ ಎಂಟರೊಳಗೆ ಬಂದಿದೆ. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ನಮ್ಮ ತಲೆ ತಿಂದಿದ್ದು ಒಂದೇ ಪ್ರಶ್ನೆ. ತಟ್ಟೆ ಎಸೆದ, ತಂಗಿಗೆ ಹೊಡೆದ. ಇದು ಹಠವಾ, ರಕ್ತದ ಸಕ್ಕರೆ ಇಳಿದು ಲೋ ಆಗಿದೆಯಾ? ನಮ್ಮ ಮಾವನವರದು ಒಂದೇ ಮಾತು: "ಎರಡು ಬಿಗಿ, ಸರಿ ಹೋಗ್ತಾನೆ." ನಾನು ಒಪ್ಪಲಿಲ್ಲ. ರೇಗಿದರೆ ಮೊದಲು ಬೆರಳು ಚುಚ್ಚಿ ಸ್ಟ್ರಿಪ್ಪಿಗೆ ರಕ್ತ ಹಾಕಿ ಮೀಟರಿನಲ್ಲಿ ಸಕ್ಕರೆ ನೋಡುವುದು, ಬೈಯುವುದು ಆಮೇಲೆ. ಒಂದು ಸಂಜೆ ಕಂಪಾಸ್ ಬಾಕ್ಸನ್ನು ಗೋಡೆಗೆ ಅಪ್ಪಳಿಸಿದ. ಕುತ್ತಿಗೆ ಹಿಂದೆ ಕೈ ಇಟ್ಟು ನೋಡಿದೆ. ಡಿಸೆಂಬರ್ ಚಳಿಯಲ್ಲೂ ಕೂದಲ ಬುಡ ಒದ್ದೆ, ಚರ್ಮ ತಣ್ಣಗೆ. ಮೀಟರಿನಲ್ಲಿ ಐವತ್ತೂ ಇರಲಿಲ್ಲ. ಪಕ್ಕದಲ್ಲಿ ನಿಂತು ಓದಿದ ಮಾವ, ಈಗ ಗಲಾಟೆ ಕೇಳಿದ ಕೂಡಲೇ ತಾವೇ ಮೀಟರ್ ತರುತ್ತಾರೆ. 70ರ ಕೆಳಗಿದ್ದರೆ ಒಂದು ಮಾತೂ ಆಡಲ್ಲ, ಮೊದಲು ಗ್ಲೂಕೋಸ್. 300 ದಾಟಿದ್ದರೂ ಅವನು ಸಿಡುಕುತ್ತಾನೆ, ಆಗ ನೀರು ಕೊಟ್ಟು ಕೀಟೋನ್ (ಇನ್ಸುಲಿನ್ ಸಾಲದಾಗ ದೇಹದಲ್ಲಿ ಸೇರುವ ಆಮ್ಲ) ನೋಡುತ್ತೇವೆ. ಎರಡೂ ಅಲ್ಲದಿದ್ದರೆ ಅದು ಹಠವೇ, ಬೈಗುಳ ತಪ್ಪಲ್ಲ.

ಲೋ ಆದಾಗ ಚಾಕೊಲೇಟ್ ಕೊಡುವ ಉಪಾಯ ಪೂರ್ತಿ ನೆಲಕಚ್ಚಿತು. ಅದರ ಜಿಡ್ಡಿನಿಂದ ಸಕ್ಕರೆ ಏರುವುದೇ ನಿಧಾನ. ಮೇಲಾಗಿ ಅವನು ದಿನವೂ "ಅಮ್ಮಾ, ಲೋ" ಅನ್ನೋಕೆ ಶುರು ಮಾಡಿದ. ಈಗ ಬರೀ ಗ್ಲೂಕೋಸ್ ಪುಡಿ, ನೀರಿಗೆ ಕಲಸಿ. ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚುವುದು. ಸುಳ್ಳು ಲೋ ನಿಂತೇ ಹೋಯಿತು.

ಇನ್ಸುಲಿನ್ ಸೂಜಿಗೆ ಒಪ್ಪಿಸೋಕೆ ಆಟಿಕೆ, ಮೊಬೈಲ್, ಸ್ಟಾರ್ ಅಂಟಿಸುವ ಚಾರ್ಟ್ ಎಲ್ಲ ಆಯಿತು. ಒಂದೂ ವಾರ ದಾಟಲಿಲ್ಲ. "ಹಾಕಲಾ?" ಅಂತ ಕೇಳುವುದು ಬಿಟ್ಟು "ಹೊಟ್ಟೆನಾ, ತೊಡೆನಾ?" ಅಂತ ಕೇಳಿದ ಮೇಲೆ ದಾರಿಗೆ ಬಂದ. ಇನ್ಸುಲಿನ್ ಪೆನ್ನಿನ ಗುಂಡಿ ಒತ್ತುವುದು ಅವನೇ. ಸೂಜಿ ಒಳಗಿರುವ ಆ ಹತ್ತು ಸೆಕೆಂಡಿನಲ್ಲಿ ನಾವಿಬ್ಬರೂ ಆಡುವ ಆಟವನ್ನು ಇಲ್ಲಿ ಬರೆಯಲ್ಲ. ಅವನಿಗೆ ಮಾತು ಕೊಟ್ಟಿದ್ದೇನೆ.

ಎಡಿಎಚ್‌ಡಿ ಮಾತ್ರೆ ಮಧ್ಯಾಹ್ನದ ಹಸಿವನ್ನು ಕೊಲ್ಲುತ್ತದೆ, ಗೊತ್ತಲ್ಲ. ಇನ್ಸುಲಿನ್ ಹಾಕಿದ ಮೇಲೆ ಅನ್ನ ಮುಟ್ಟದಿದ್ದರೆ ಲೋ ಗ್ಯಾರಂಟಿ. ಡಾಕ್ಟರ ಜೊತೆ ಕೂತು ಲೆಕ್ಕ ಹಾಕಿ, ಬೇಗ ಕೆಲಸ ಮಾಡುವ ಇನ್ಸುಲಿನ್‌ಗೆ ಬದಲಾದೆವು. ಮಧ್ಯಾಹ್ನ ಎಷ್ಟು ತಿಂದ ಅಂತ ನೋಡಿ, ಊಟವಾದ ತಕ್ಷಣ ಅಷ್ಟಕ್ಕೇ ಹಾಕುತ್ತೇವೆ. ಖರ್ಚು ಹೆಚ್ಚಾಯಿತು, ಮಧ್ಯಾಹ್ನದ ಜಗಳ ಮುಗಿಯಿತು. ಇನ್ಸುಲಿನ್ನೇ ಬಿಡಿಸಿ ನಾಟಿ ಔಷಧಿ ಕೊಡಿ ಅಂದವರಿದ್ದಾರೆ. ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಟೈಪ್ 1ರಲ್ಲಿ ಇನ್ಸುಲಿನ್ ನಿಂತರೆ ಮಗು ಐಸಿಯು ಸೇರುತ್ತದೆ.

ಸುಮ್ನೆ ಕುತೂಹಲಕ್ಕೆ ಮುದ್ದೆ, ಅನ್ನ ಎರಡನ್ನೂ ಬೇರೆ ಬೇರೆ ದಿನ ಕೊಟ್ಟು ನೋಡಿದೆ. ನನ್ನ ಮಗನಿಗೆ ಮುದ್ದೆಯೂ ಹೆಚ್ಚುಕಡಿಮೆ ಅನ್ನದಷ್ಟೇ ಏರಿಸಿತು. ಉಪ್ಸಾರು, ಕಾಳು ಜಾಸ್ತಿ ಮಾಡಿ ಮುದ್ದೆ ಸಣ್ಣದು ಮಾಡಿದರೆ ಪರವಾಗಿಲ್ಲ. ಮಳೆಗಾಲದಲ್ಲಿ ಆಲೂರಿನ ತವರಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗಲೋ. ಅಲ್ಲಿ ಮಡಕೆಯೊಳಗೆ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ ಇನ್ಸುಲಿನ್ ಇಡುತ್ತೇವೆ. ಕೆಟ್ಟಿಲ್ಲ.

ಕೈ ಸುಟ್ಟಿದ್ದು ಸೆನ್ಸರಿನಲ್ಲಿ, ಅಂದರೆ ಮೈಗೆ ಅಂಟಿಸಿ ಸಕ್ಕರೆ ನೋಡುತ್ತಲೇ ಇರುವ ಸಾಧನದಲ್ಲಿ. ಎರಡು ವಾರಕ್ಕೆ ಸುಮಾರು ಐದು ಸಾವಿರ. ಮರುದಿನವೇ ಕಿತ್ತೆಸೆದ. ಈಗ ಡಾಕ್ಟರನ್ನು ನೋಡುವ ಮುಂಚೆ ಮಾತ್ರ, ಅದೂ ತೋಳಿನ ಹಿಂದೆ ಹಾಕಿ ಮೇಲೆ ಬ್ಯಾಂಡೇಜ್ ಸುತ್ತಿ. ಉಳಿದ ದಿನ ಸ್ಟ್ರಿಪ್ಪೇ. ಒಂದಕ್ಕೆ ಇಪ್ಪತ್ತರ ಆಸುಪಾಸು, ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ. ನನ್ನ ಬಳೆ ಇನ್ನೂ ಅಡವಿನಲ್ಲಿದೆ. ಈಗ ಮೂರು ಮನೆಯವರು ಸೇರಿ ಹೋಲ್‌ಸೇಲ್‌ನಲ್ಲಿ ತರಿಸುತ್ತೇವೆ, ಬಾಕ್ಸಿಗೆ ನೂರು ಚಿಲ್ಲರೆ ಉಳಿಯುತ್ತದೆ. ತರಿಸುವಾಗ ಎಕ್ಸ್‌ಪೈರಿ ನೋಡಿಕೊಳ್ಳಿ.