ಫ್ಯಾಬ್ ಪಾಲು ಎಷ್ಟು, ಡಿಸೈನ್ ಪಾಲು ಎಷ್ಟು: ಹಳೆ ಚಿಪ್‌ಗಳ ಮೇಲೆ ನನ್ನ ಅನುಭವ

ಬೇರೆ ಬೇರೆ ಫ್ಯಾಬ್ (ಚಿಪ್ ತಯಾರಿಸುವ ತಂತ್ರ) ತಲೆಮಾರಿನ ಪ್ರೊಸೆಸರ್‌ಗಳನ್ನು ಮನೆಯಲ್ಲೇ ನ್ಯಾಯವಾಗಿ ಹೋಲಿಸಬಹುದು ಅಂದಾಗ ನಮ್ಮ ಲ್ಯಾಬಿನವರು ನಕ್ಕರು. "ನ್ಯಾನೋಮೀಟರ್‌ಲೆ ಭಾಗಿಸಿ ಬಿಡ್ರಿ ಸರ, ಯಾಕ ಇಷ್ಟ ತ್ರಾಸ?" ಅಂದರು ಒಬ್ಬರು.

ಆ ಭಾಗಾಕಾರ ನಿಲ್ಲೋದಿಲ್ಲ. ಫ್ಯಾಬ್ ತಲೆಮಾರಿಗೆ ಹೆಸರಾದ ನ್ಯಾನೋಮೀಟರ್ ಸಂಖ್ಯೆ 32ರಿಂದ 22ಕ್ಕೆ ಇಳಿದರೆ ಲೆಕ್ಕದಲ್ಲಿ ಚಿಪ್ ಅರ್ಧಕ್ಕಿಂತ ಸಣ್ಣದಾಗಬೇಕು. ಆದರೆ ಇಂಟೆಲ್‌ನ ನಾಲ್ಕು ಕೋರಿನ ಸ್ಯಾಂಡಿ ಬ್ರಿಡ್ಜ್ (32) 216 ಚದರ ಮಿ.ಮೀ., ಐವಿ ಬ್ರಿಡ್ಜ್ (22) 160. ಉಳಿದ ಜಾಗದಲ್ಲಿ ಗ್ರಾಫಿಕ್ಸ್ ಬೆಳೆದು ಕೂತಿದೆ. ಟಿಡಿಪಿ, ಅಂದರೆ ಕಂಪನಿ ಹೇಳುವ ಬಿಸಿಯ ವ್ಯಾಟ್ ಲೆಕ್ಕ, ಕೂಲರ್ ಕೊಳ್ಳೋಕೆ ಸರಿ, ಹೋಲಿಕೆಗಲ್ಲ.

ನಾನು ಹಿಡಿದದ್ದು ಮೂರು ಚಿಪ್. ಐ5-2400 (ಸ್ಯಾಂಡಿ) ಮತ್ತು ಐ5-3470 (ಐವಿ): ಡಿಸೈನ್ ಹೆಚ್ಚುಕಮ್ಮಿ ಒಂದೇ, ಫ್ಯಾಬ್ ಬೇರೆ. ಬಯೋಸ್ (ಬೋರ್ಡನ್ನು ಶುರು ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದ್ದರೆ ಎರಡೂ ಒಂದೇ ಎಚ್61 ಬೋರ್ಡಿನಲ್ಲಿ ಓಡುತ್ತವೆ. ಮೂರನೆಯದು ಐ5-4570 ಹ್ಯಾಸ್ವೆಲ್: ಅದೇ 22, ಡಿಸೈನ್ ಹೊಸದು. ಅದಕ್ಕೆ ಬೋರ್ಡು ಬೇರೆ ಬೇಕು, ರ‍್ಯಾಮ್ ಮತ್ತು ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ) ಹಳೆಯವೇ. ಬೆಳಗಾವಿಯಿಂದ ಸೆಕೆಂಡ್‌ಹ್ಯಾಂಡ್ ತರಿಸಿದೆ, ಬೋರ್ಡು ಸೇರಿ ಎಂಟು ಸಾವಿರದ ಹತ್ತಿರ.

ದುಡ್ಡು ತಿಂದದ್ದು ಕರೆಂಟ್ ಅಳತೆ. ಗೋಡೆ ಪ್ಲಗ್ಗಿನ ಮೀಟರ್ ಅಳೆದದ್ದರಲ್ಲಿ ಎಸ್‌ಎಂಪಿಎಸ್ ಹಾಳು ಮಾಡುವ ಕರೆಂಟೂ ಸೇರಿತ್ತು. ಅಂಗಡಿಯವರು ಡಿಸಿ ಅಂತ ಕೊಟ್ಟ ಕ್ಲ್ಯಾಂಪ್ ಮೀಟರಿನಲ್ಲಿ (ವೈರಿಗೆ ಕಚ್ಚಿಸಿ ಅಳೆಯುವಂಥದ್ದು) ಡಿಸಿ ವೋಲ್ಟೇಜ್ ಮಾತ್ರ, ಕರೆಂಟ್ ಎಸಿಯದ್ದೇ. ವಾಪಸ್ ತಗೊಳ್ಳಲಿಲ್ಲ. ಕೊನೆಗೆ ಮೂರೂವರೆ ಸಾವಿರದ ಮೀಟರ್ ತಂದು ಸಿಪಿಯುಗೆ ಹೋಗುವ 12 ವೋಲ್ಟ್ ವೈರಿಗೆ ಹಾಕಿದೆ. ಹ್ಯಾಸ್ವೆಲ್‌ನಲ್ಲಿ ವೋಲ್ಟೇಜ್ ರೆಗ್ಯುಲೇಟರಿನ ಒಂದು ಹಂತ ಚಿಪ್ ಒಳಗೇ ಇದೆ, ಹಾಗಾಗಿ ಇಲ್ಲಿ ಅಳೆದರೆ ಮಾತ್ರ ಮೂರಕ್ಕೂ ಲೆಕ್ಕ ಸಮ.

ಟರ್ಬೊ (ಚಿಪ್ ತಾನಾಗಿ ವೇಗ ಏರಿಸಿಕೊಳ್ಳೋದು) ಆಫ್, ಎಲ್ಲವೂ 2.5 ಗಿಗಾಹರ್ಟ್ಸ್. ಅದೇ ಕೆಲಸಕ್ಕೆ ಸ್ಯಾಂಡಿ 40 ವ್ಯಾಟ್ ಆಸುಪಾಸು, ಐವಿ 30. ವೇಗದಲ್ಲಿ ಫರಕು ಬಹಳ ಕಡಿಮೆ. ಅಂದರೆ ಆ ಹತ್ತು ವ್ಯಾಟ್ ಬಹುಪಾಲು ಫ್ಯಾಬಿನ ಗಳಿಕೆ. ಐವಿಯಿಂದ ಹ್ಯಾಸ್ವೆಲ್‌ಗೆ ಬಂದರೆ ಸಾಮಾನ್ಯ ಕೋಡ್ ಶೇಕಡಾ ಹತ್ತರಷ್ಟು ಚುರುಕು. ಅದು ಡಿಸೈನಿನದು. ನಕ್ಕವರೇ ಈಗ ಈ ಪರೀಕ್ಷೆ ಓಡಿಸುವ ಸ್ಕ್ರಿಪ್ಟ್ ಕೇಳುತ್ತಿದ್ದಾರೆ! ಸ್ಕ್ರಿಪ್ಟ್ ಕೊಟ್ಟೆ, ಓಟದಿಂದ ಓಟಕ್ಕೆ ರೀಡಿಂಗ್ ಅಲುಗದಂತೆ ಮಾಡುವ ಉಪಾಯ ಸದ್ಯಕ್ಕೆ ನನ್ನ ಹತ್ತಿರ ಇರಲಿ.

ಸುಮ್ನೆ ಕುತೂಹಲಕ್ಕೆ ಏಪ್ರಿಲ್‌ನಲ್ಲಿ ನಮ್ಮ ವಿಜಯಪುರದ ಮಟಮಟ ಮಧ್ಯಾಹ್ನ ಸ್ಯಾಂಡಿ ಓಡಿಸಿದೆ. ಬೆಳಗಿನ ಜಾವಕ್ಕಿಂತ ಎರಡು ಮೂರು ವ್ಯಾಟ್ ಜಾಸ್ತಿ. ಬಿಸಿ ಏರಿದರೆ ಲೀಕೇಜ್, ಅಂದರೆ ಚಿಪ್ ಒಳಗೆ ಸೋರಿ ಹೋಗುವ ಕರೆಂಟ್, ಏರುತ್ತದೆ. ಅಲ್ಲಿಂದ ಎಲ್ಲ ಅಳತೆಯೂ ಬೆಳಗ್ಗೆ ಆರಕ್ಕೆ.

ಹ್ಯಾಸ್ವೆಲ್‌ನಲ್ಲಿ ಹೊಸದಾಗಿ ಬಂದ ಎವಿಎಕ್ಸ್2 ಮತ್ತು ಎಫ್‌ಎಂಎ ಸೂಚನೆಗಳನ್ನು (ಒಂದೇ ಏಟಿಗೆ ಹಲವು ಲೆಕ್ಕ ಮಾಡುವಂಥವು) ಹಾಕಿ ಕಂಪೈಲ್ ಮಾಡಿದರೆ ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಹ್ಯಾಸ್ವೆಲ್ ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ಅದು ಮೋಸ ಅನ್ನುವವರಿದ್ದಾರೆ. ನಾನಂತೂ ಡಿಸೈನಿನ ಖಾತೆಗೇ ಬರೆದೆ.